ಬೆನ್ನಿನ ನೀರಿನ ಪರೀಕ್ಷೆ ಮತ್ತು ಎಂಎಸ್: ರಿಪೋರ್ಟ್‌ನಲ್ಲಿರುವ ‘ಬ್ಯಾಂಡ್’ಗಳು ಏನು ಹೇಳುತ್ತವೆ, ಏನು ಹೇಳುವುದಿಲ್ಲ?

ಒಂದೇ ನೋಟದಲ್ಲಿ

• ಮಲ್ಟಿಪಲ್ ಸ್ಕ್ಲಿರೋಸಿಸ್ (ಎಂಎಸ್) ಇರುವ ಹೆಚ್ಚಿನವರ ಬೆನ್ನಿನ ನೀರಿನಲ್ಲಿ, ಮಿದುಳು ಮತ್ತು ಬೆನ್ನುಹುರಿಯ ಆವರಣದ ಒಳಗೇ ತಯಾರಾದ ಪ್ರತಿಕಾಯಗಳು ಸಿಗುತ್ತವೆ. ರಿಪೋರ್ಟ್‌ನಲ್ಲಿ ಇವನ್ನು ‘ಆಲಿಗೋಕ್ಲೋನಲ್ ಬ್ಯಾಂಡ್’ ಎಂದು ಬರೆಯುತ್ತಾರೆ.
• ಬ್ಯಾಂಡ್ ಇದ್ದ ಮಾತ್ರಕ್ಕೆ ಎಂಎಸ್ ಖಚಿತವಲ್ಲ. ಬ್ಯಾಂಡ್ ಇಲ್ಲದ ಮಾತ್ರಕ್ಕೆ ಎಂಎಸ್ ಇಲ್ಲ ಎಂದೂ ಅಲ್ಲ.
• ಬೆನ್ನಿನ ನೀರಿನ ಜೊತೆಗೆ ಅದೇ ದಿನದ ರಕ್ತವನ್ನೂ ಪರೀಕ್ಷೆಗೆ ಕಳಿಸಬೇಕು. ಎರಡನ್ನೂ ಹೋಲಿಸದೆ ಬ್ಯಾಂಡ್‌ಗಳ ಅರ್ಥ ಹೇಳಲು ಬರುವುದಿಲ್ಲ.
• ಬೆನ್ನಿನ ನೀರು ತೆಗೆದರೆ ಸೊಂಟ ಬಿದ್ದುಹೋಗುತ್ತದೆ ಎಂಬ ಮಾತು ತಪ್ಪು. ಸೂಜಿ ಹಾಕುವ ಜಾಗದಲ್ಲಿ ಬೆನ್ನುಹುರಿಯೇ ಇರುವುದಿಲ್ಲ.

ಕಣ್ಣು ಮಸುಕಾಗಿದೆ, ಕಾಲಲ್ಲಿ ಜೋಮು ಬಿಡುತ್ತಲೇ ಇಲ್ಲ ಎಂದು ಹೋದವರಿಗೆ ನರರೋಗ ತಜ್ಞರು ಮೊದಲು ಎಂಆರ್‌ಐ ಮಾಡಿಸುತ್ತಾರೆ. ಆಮೇಲೆ ಕೆಲವರಿಗೆ ‘ಬೆನ್ನಿನಿಂದ ಸ್ವಲ್ಪ ನೀರು ತೆಗೆದು ನೋಡಬೇಕು’ ಎನ್ನುತ್ತಾರೆ. ಈ ಮಾತು ಮನೆಯವರ ವಾಟ್ಸಾಪ್ ಗುಂಪಿಗೆ ತಲುಪಿದರೆ ಸಲಹೆಗಳಿಗೆ ಬರವಿಲ್ಲ. ‘ಬೇಡವೇ ಬೇಡ, ನಡೆಯೋಕೆ ಆಗಲ್ಲ’ ಎನ್ನುವವರು ಒಬ್ಬರು. ‘ಪಾಸಿಟಿವ್ ಬಂದರೆ ಮುಗಿಯಿತು’ ಎನ್ನುವವರು ಇನ್ನೊಬ್ಬರು. ‘ಇದೆಲ್ಲ ರೋಗನಿರೋಧಕ ಶಕ್ತಿ ಕಡಿಮೆಯಾಗಿ ಬರೋದು, ಈ ಕಷಾಯ ಕುಡಿಯಿರಿ’ ಎನ್ನುವವರು ಮತ್ತೊಬ್ಬರು.

ಈ ಮೂರೂ ಮಾತುಗಳಿಂದ ತೊಂದರೆಯಾಗುತ್ತದೆ. ಮೊದಲನೆಯದನ್ನು ನಂಬಿದರೆ ಬೇಕಾದ ಪರೀಕ್ಷೆ ತಪ್ಪುತ್ತದೆ. ಎರಡನೆಯದರಿಂದ ಇಲ್ಲದ ಕಾಯಿಲೆಯ ಹಣೆಪಟ್ಟಿ ಅಂಟಿಕೊಳ್ಳಬಹುದು. ಮೂರನೆಯದರಿಂದ ಚಿಕಿತ್ಸೆ ತಡವಾಗುತ್ತದೆ. ಹಾಗಾಗಿ ಈ ಪರೀಕ್ಷೆಯಲ್ಲಿ ಏನನ್ನು ಹುಡುಕುತ್ತಾರೆ ಎಂಬುದನ್ನು ಮೊದಲಿನಿಂದ ನೋಡೋಣ.

ಎಂಎಸ್ ಎಂದರೇನು?

ನಮ್ಮ ನರತಂತುಗಳ ಮೇಲೆ ಮೈಲಿನ್ ಎಂಬ ಕೊಬ್ಬಿನಂಶದ ಹೊದಿಕೆ ಇರುತ್ತದೆ. ಕರೆಂಟ್ ವೈರಿನ ಮೇಲಿನ ಪ್ಲಾಸ್ಟಿಕ್ ಹೊದಿಕೆ ಇದ್ದ ಹಾಗೆ. ಎಂಎಸ್‌ನಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆ ಮಿದುಳು, ಬೆನ್ನುಹುರಿ ಮತ್ತು ಕಣ್ಣಿನ ನರಗಳಲ್ಲಿರುವ ಈ ಹೊದಿಕೆಯ ಮೇಲೇ ದಾಳಿ ಮಾಡುತ್ತದೆ. ದಾಳಿಯಾದ ಕಡೆ ಕಲೆ ಉಳಿಯುತ್ತದೆ. ಪ್ಯಾರಿಸ್‌ನ ವೈದ್ಯ ಜಾನ್ ಮಾರ್ಟಿನ್ ಶಾರ್ಕೋ 1868ರಲ್ಲಿ ಈ ಕಲೆಗಳನ್ನೂ ರೋಗಿಗಳ ಲಕ್ಷಣಗಳನ್ನೂ ಜೋಡಿಸಿ ಕಾಯಿಲೆಯನ್ನು ಸ್ಪಷ್ಟವಾಗಿ ವಿವರಿಸಿದರು.

ಸಾಮಾನ್ಯವಾಗಿ 20ರಿಂದ 40 ವರ್ಷದೊಳಗೆ ಶುರುವಾಗುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಜಗತ್ತಿನಲ್ಲಿ 28 ಲಕ್ಷಕ್ಕೂ ಹೆಚ್ಚು ಜನರಿಗೆ ಈ ಕಾಯಿಲೆ ಇದೆ ಎಂಬುದು 2020ರ ಅಂದಾಜು. ಯುರೋಪ್, ಉತ್ತರ ಅಮೆರಿಕಗಳಿಗೆ ಹೋಲಿಸಿದರೆ ನಮ್ಮಲ್ಲಿ ಕಡಿಮೆ. ಮಂಗಳೂರು ನಗರದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಲಕ್ಷ ಜನರಿಗೆ ಸುಮಾರು 8 ಮಂದಿಯಲ್ಲಿ ಎಂಎಸ್ ಕಂಡುಬಂದಿತ್ತು. ಕಡಿಮೆ ಎಂದರೆ ಇಲ್ಲವೇ ಇಲ್ಲ ಎಂದಲ್ಲ.

ಬೆನ್ನಿನ ನೀರು ಎಂದರೆ ಯಾವ ನೀರು?

ಮಿದುಳು ಮತ್ತು ಬೆನ್ನುಹುರಿಯ ಸುತ್ತ ಒಂದು ತಿಳಿಯಾದ ದ್ರವ ಸದಾ ಹರಿಯುತ್ತಿರುತ್ತದೆ. ವೈದ್ಯರು ಅದನ್ನು ಸಿಎಸ್‌ಎಫ್ ಎನ್ನುತ್ತಾರೆ. ದೊಡ್ಡವರಲ್ಲಿ ಒಂದು ಹೊತ್ತಿಗೆ ಸುಮಾರು 150 ಮಿಲಿಲೀಟರ್ ಇರುತ್ತದೆ. ದಿನಕ್ಕೆ ಸುಮಾರು 500 ಮಿಲಿಲೀಟರ್ ಹೊಸದಾಗಿ ತಯಾರಾಗುತ್ತದೆ, ಹಳೆಯದು ರಕ್ತಕ್ಕೆ ಸೇರಿಹೋಗುತ್ತದೆ.

ರಕ್ತಕ್ಕೂ ಮಿದುಳಿಗೂ ನಡುವೆ ಬಿಗಿಯಾದ ತಡೆಗೋಡೆ ಇದೆ. ರಕ್ತದಲ್ಲಿರುವ ಪ್ರತಿಕಾಯಗಳಲ್ಲಿ ತೀರಾ ಸ್ವಲ್ಪ ಭಾಗ ಮಾತ್ರ ಅದನ್ನು ದಾಟಿ ಈ ದ್ರವಕ್ಕೆ ಬರುತ್ತದೆ. ಆದ್ದರಿಂದ ಸಿಎಸ್‌ಎಫ್‌ನಲ್ಲಿ ಪ್ರತಿಕಾಯಗಳು ನಿರೀಕ್ಷೆಗಿಂತ ಹೆಚ್ಚಾಗಿದ್ದರೆ ಎರಡೇ ಸಾಧ್ಯತೆ: ಗೋಡೆ ಸೋರುತ್ತಿದೆ, ಇಲ್ಲವೇ ಪ್ರತಿಕಾಯ ತಯಾರಿಸುವ ಕಣಗಳು ಗೋಡೆಯ ಒಳಗೇ ಬಂದು ನೆಲೆಸಿವೆ. ಎಂಎಸ್ ಪತ್ತೆಯಲ್ಲಿ ವೈದ್ಯರು ಹುಡುಕುವುದು ಈ ಎರಡನೆಯದನ್ನು.

ಬ್ಯಾಂಡ್‌ಗಳು ಹೇಗೆ ಕಾಣುತ್ತವೆ?

1942ರಲ್ಲಿ ಅಮೆರಿಕದ ವಿಜ್ಞಾನಿ ಎಲ್ವಿನ್ ಕಬಾಟ್ ಮತ್ತು ಸಂಗಡಿಗರು ಸಿಎಸ್‌ಎಫ್‌ನ ಪ್ರೋಟೀನ್‌ಗಳನ್ನು ವಿದ್ಯುತ್ತಿನ ನೆರವಿನಿಂದ ಬೇರ್ಪಡಿಸಿ ನೋಡಿದರು. ಎಂಎಸ್ ಇದ್ದ ಹಲವರಲ್ಲಿ ಗಾಮಾ ಗ್ಲಾಬ್ಯುಲಿನ್ ಹೆಚ್ಚಾಗಿತ್ತು. ಪ್ರತಿಕಾಯಗಳು ಇರುವುದು ಪ್ರೋಟೀನ್‌ಗಳ ಇದೇ ಗುಂಪಿನಲ್ಲಿ. ಎಂಎಸ್‌ಗೂ ಬೆನ್ನಿನ ನೀರಿನ ಪ್ರತಿಕಾಯಗಳಿಗೂ ಇರುವ ನಂಟು ಹೀಗೆ ಕಣ್ಣಿಗೆ ಬಿತ್ತು.

ಈಗಿನ ವಿಧಾನ ಇನ್ನೂ ಸೂಕ್ಷ್ಮವಾದದ್ದು. ತೆಳುವಾದ ಜೆಲ್ ಪದರದ ಮೇಲೆ ದ್ರವದ ಮಾದರಿ ಹಾಕಿ ವಿದ್ಯುತ್ ಹರಿಸುತ್ತಾರೆ. ಜೆಲ್‌ನ ಒಂದು ತುದಿಯಿಂದ ಇನ್ನೊಂದು ತುದಿಗೆ ಆಮ್ಲೀಯತೆ ಮೆಲ್ಲಗೆ ಬದಲಾಗುತ್ತದೆ. ಪ್ರತಿಯೊಂದು ಬಗೆಯ ಪ್ರತಿಕಾಯವೂ ತನ್ನ ವಿದ್ಯುದಂಶ ಸೊನ್ನೆಯಾಗುವ ಜಾಗಕ್ಕೆ ಬಂದು ನಿಲ್ಲುತ್ತದೆ. ಇದಕ್ಕೆ ಐಸೋಎಲೆಕ್ಟ್ರಿಕ್ ಫೋಕಸಿಂಗ್ ಎಂದು ಹೆಸರು.

ಆರೋಗ್ಯವಂತರಲ್ಲಿ ಸಾವಿರಾರು ಬಗೆಯ ಪ್ರತಿಕಾಯಗಳು ಸ್ವಲ್ಪ ಸ್ವಲ್ಪ ಇರುವುದರಿಂದ ಜೆಲ್ ಮೇಲೆ ಒಂದೇ ಸಮನಾದ ಮಸುಕು ಕಾಣುತ್ತದೆ, ಜಾತ್ರೆಯ ಗದ್ದಲದಲ್ಲಿ ಯಾರ ಮಾತೂ ಬೇರೆಯಾಗಿ ಕೇಳದ ಹಾಗೆ. ಎಂಎಸ್‌ನಲ್ಲಿ ಕೆಲವೇ ಕಣವಂಶಗಳು ತಮ್ಮದೇ ಪ್ರತಿಕಾಯವನ್ನು ರಾಶಿರಾಶಿ ತಯಾರಿಸುತ್ತವೆ. ಆಗ ಮಸುಕಿನ ನಡುವೆ ಎದ್ದು ಕಾಣುವ ಗೆರೆಗಳು ಮೂಡುತ್ತವೆ. ಅವೇ ಆಲಿಗೋಕ್ಲೋನಲ್ ಬ್ಯಾಂಡ್‌ಗಳು. ‘ಆಲಿಗೋ’ ಎಂದರೆ ‘ಕೆಲವು’. ಬೆನ್ನಿನ ನೀರಿನಲ್ಲಿ ಮಾತ್ರ ಕಾಣುವ ಎರಡು ಅಥವಾ ಹೆಚ್ಚು ಗೆರೆಗಳಿದ್ದರೆ ಬಹಳಷ್ಟು ಲ್ಯಾಬ್‌ಗಳು ‘ಪಾಸಿಟಿವ್’ ಎಂದು ಬರೆಯುತ್ತವೆ.

ರಕ್ತವನ್ನೂ ಏಕೆ ತೆಗೆಯುತ್ತಾರೆ?

ಬಾವಿಯ ನೀರು ಕೆಂಪಾಯಿತು ಎಂದುಕೊಳ್ಳಿ. ಪಕ್ಕದ ಹೊಳೆಯೂ ಕೆಂಪಾಗಿದ್ದರೆ ಕೆಸರು ಅಲ್ಲಿಂದ ಬಂದಿರಬಹುದು. ಹೊಳೆ ತಿಳಿಯಾಗಿದ್ದು ಬಾವಿ ಮಾತ್ರ ಕೆಂಪಾಗಿದ್ದರೆ ಕಾರಣ ಬಾವಿಯೊಳಗೇ ಇದೆ. ಇಲ್ಲಿಯೂ ಲೆಕ್ಕ ಹೀಗೆಯೇ:

• ಎರಡರಲ್ಲೂ ಗೆರೆ ಇಲ್ಲ: ಬ್ಯಾಂಡ್ ನೆಗೆಟಿವ್.
• ಬೆನ್ನಿನ ನೀರಿನಲ್ಲಿ ಮಾತ್ರ ಗೆರೆ: ಪ್ರತಿಕಾಯ ಒಳಗೇ ತಯಾರಾಗುತ್ತಿದೆ. ಎಂಎಸ್‌ನಲ್ಲಿ ಹೆಚ್ಚಾಗಿ ಕಾಣುವುದು ಇದು.
• ಎರಡರಲ್ಲೂ ಗೆರೆ, ಆದರೆ ಬೆನ್ನಿನ ನೀರಿನಲ್ಲಿ ಹೆಚ್ಚುವರಿ ಗೆರೆಗಳಿವೆ: ಆ ಹೆಚ್ಚುವರಿ ಪ್ರತಿಕಾಯಗಳು ಒಳಗೆ ತಯಾರಾದವು.
• ಎರಡರಲ್ಲೂ ಒಂದೇ ತೆರನಾದ ಗೆರೆ: ಪ್ರತಿಕಾಯಗಳು ರಕ್ತದಿಂದ ಬಂದಿವೆ. ಇದನ್ನು ಎಂಎಸ್ ಕಡೆಗಿನ ಸಾಕ್ಷಿ ಎಂದು ಹಿಡಿಯುವಂತಿಲ್ಲ.

ಹೀಗಾಗಿ ‘ಬ್ಯಾಂಡ್ ಇದೆ’ ಎಂದಷ್ಟೇ ಬರೆದ ರಿಪೋರ್ಟ್ ಅರ್ಧ ಮಾಹಿತಿ. ‘ಎಲ್ಲಿದೆ’ ಎಂಬುದೇ ಮುಖ್ಯ.

ರಿಪೋರ್ಟ್‌ನಲ್ಲಿ ಕಾಣುವ ಇತರ ಸಾಲುಗಳು

ಬಿಳಿ ರಕ್ತಕಣಗಳ ಎಣಿಕೆ: ಒಂದು ಮೈಕ್ರೋಲೀಟರ್‌ಗೆ 5ರವರೆಗೆ ಸಹಜ. ಎಂಎಸ್‌ನಲ್ಲಿ ಸಹಜವಾಗಿಯೇ ಇರಬಹುದು, ಸ್ವಲ್ಪ ಏರಿರಲೂಬಹುದು. 50 ದಾಟಿದ್ದರೆ ವೈದ್ಯರು ಸೋಂಕು ಅಥವಾ ಬೇರೆ ಕಾಯಿಲೆಯ ಕಡೆಗೆ ನೋಡುತ್ತಾರೆ.

ಪ್ರೋಟೀನ್ ಮತ್ತು ಗ್ಲೂಕೋಸ್: ಎಂಎಸ್‌ನಲ್ಲಿ ಗ್ಲೂಕೋಸ್ ಸಹಜವಾಗಿರುತ್ತದೆ. ಪ್ರೋಟೀನ್ ಸಹಜ ಅಥವಾ ಅಲ್ಪ ಏರಿಕೆ. ಪ್ರೋಟೀನ್ ಬಹಳ ಏರಿ ಗ್ಲೂಕೋಸ್ ಕುಸಿದಿದ್ದರೆ ಕ್ಷಯದ ಮೆನಿಂಜೈಟಿಸ್‌ನಂಥ ಸೋಂಕಿನ ಶಂಕೆ ಬರುತ್ತದೆ.

ಐಜಿಜಿ ಇಂಡೆಕ್ಸ್: ತಡೆಗೋಡೆ ಎಷ್ಟು ಸೋರುತ್ತಿದೆ ಎಂಬುದನ್ನು ಕಳೆದು, ಒಳಗೆ ಎಷ್ಟು ಪ್ರತಿಕಾಯ ತಯಾರಾಗಿದೆ ಎಂದು ಅಂದಾಜಿಸುವ ಲೆಕ್ಕ. ಸೋರಿಕೆಯ ಅಳತೆಗೆ ಅಲ್ಬುಮಿನ್ ಎಂಬ ಪ್ರೋಟೀನನ್ನು ಬಳಸುತ್ತಾರೆ. ಅದು ಮಿದುಳಿನಲ್ಲಿ ತಯಾರಾಗುವುದಿಲ್ಲ, ಯಕೃತ್ತಿನಲ್ಲಿ ತಯಾರಾಗಿ ರಕ್ತದ ಮೂಲಕವೇ ಬರಬೇಕು. ಇಂಡೆಕ್ಸ್ 0.7 ಮೀರಿದರೆ ಸಾಮಾನ್ಯವಾಗಿ ಹೆಚ್ಚು ಎನ್ನುತ್ತಾರೆ. ಆದರೆ ಬ್ಯಾಂಡ್ ಪರೀಕ್ಷೆಯಷ್ಟು ಸೂಕ್ಷ್ಮವಲ್ಲ.

ಕಾಪಾ ಫ್ರೀ ಲೈಟ್ ಚೈನ್: ಪ್ರತಿಕಾಯ ತಯಾರಿಸುವ ಕಣಗಳು ಅದರ ಬಿಡಿಭಾಗಗಳನ್ನು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ತಯಾರಿಸಿ ಹೊರಗೆ ಬಿಡುತ್ತವೆ. ಕಾಪಾ ಚೈನ್ ಅಂಥ ಒಂದು ಬಿಡಿಭಾಗ. ಬ್ಯಾಂಡ್ ಪರೀಕ್ಷೆಯಲ್ಲಿ ಗೆರೆಗಳನ್ನು ಕಣ್ಣಲ್ಲಿ ನೋಡಿ ಎಣಿಸಬೇಕು. ಕಾಪಾ ಪರೀಕ್ಷೆಯಲ್ಲಿ ಯಂತ್ರವೇ ಸಂಖ್ಯೆ ಕೊಡುತ್ತದೆ, ಫಲಿತಾಂಶವೂ ಬೇಗ ಬರುತ್ತದೆ.

ರೋಗ ಪತ್ತೆಯಲ್ಲಿ ಇದರ ಪಾತ್ರವೇನು?

ಎಂಎಸ್ ಎಂದು ಹೇಳಲು ವೈದ್ಯರು ಎರಡು ಅಂಶಗಳನ್ನು ಹುಡುಕುತ್ತಾರೆ: ನರವ್ಯೂಹದ ಬೇರೆ ಬೇರೆ ಜಾಗಗಳಲ್ಲಿ ಹಾನಿ, ಬೇರೆ ಬೇರೆ ಕಾಲಗಳಲ್ಲಿ ಆದ ಹಾನಿ. ಹಿಂದೆ ಎರಡನೆಯದು ಸಾಬೀತಾಗಲು ಮತ್ತೊಂದು ದಾಳಿಗೆ ಅಥವಾ ಎಂಆರ್‌ಐನಲ್ಲಿ ಹೊಸ ಕಲೆಗೆ ಕಾಯಬೇಕಾಗುತ್ತಿತ್ತು. ಆ ಕಾಯುವಿಕೆಯಲ್ಲಿ ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಹೋಗುತ್ತಿದ್ದವು. ಅಷ್ಟರಲ್ಲಿ ನರಗಳಿಗೆ ಮತ್ತಷ್ಟು ಪೆಟ್ಟು ಬೀಳುತ್ತಿತ್ತು.

2017ರಲ್ಲಿ ಪರಿಷ್ಕರಿಸಿದ ಮ್ಯಾಕ್‌ಡೊನಾಲ್ಡ್ ಮಾನದಂಡಗಳು ಈ ತೊಡಕನ್ನು ಸಡಿಲಿಸಿದವು. ಎಂಎಸ್‌ನಲ್ಲಿ ಬರುವಂಥದ್ದೇ ಒಂದು ದಾಳಿಯಾಗಿದ್ದು, ಬೇರೆ ಬೇರೆ ಜಾಗಗಳಲ್ಲಿ ಹಾನಿ ಕಂಡಿದ್ದು, ಬೆನ್ನಿನ ನೀರಿನಲ್ಲಿ ಮಾತ್ರ ಕಾಣುವ ಬ್ಯಾಂಡ್‌ಗಳೂ ಇದ್ದು, ಬೇರೆ ಕಾಯಿಲೆಗಳಿಲ್ಲ ಎಂದು ಖಚಿತವಾದರೆ, ಎರಡನೆಯ ದಾಳಿಗೆ ಕಾಯದೆ ಎಂಎಸ್ ಎಂದು ಹೇಳಬಹುದು. 2025ರಲ್ಲಿ ಪ್ರಕಟವಾದ ಹೊಸ ಪರಿಷ್ಕರಣೆ ಕಾಪಾ ಪರೀಕ್ಷೆಗೂ ಬ್ಯಾಂಡ್‌ಗೆ ಸಮನಾದ ಸ್ಥಾನ ಕೊಟ್ಟಿದೆ.

ಅಂದರೆ ಈ ಪರೀಕ್ಷೆಯಿಂದ ರೋಗಿಗೆ ಸಿಗುವ ದೊಡ್ಡ ಲಾಭ ಸಮಯ. ಚಿಕಿತ್ಸೆ ಬೇಗ ಶುರುವಾದಷ್ಟೂ ಮುಂದಿನ ದಾಳಿಗಳನ್ನು ತಡೆಯುವ ಅವಕಾಶ ಹೆಚ್ಚು.

ಪಾಸಿಟಿವ್ ಬಂದರೆ ಎಂಎಸ್ ಖಚಿತವೇ?

ಅಲ್ಲ. ಮಿದುಳಿನ ಆವರಣದೊಳಗೆ ರೋಗನಿರೋಧಕ ವ್ಯವಸ್ಥೆ ಕೆಲಸ ಮಾಡುತ್ತಿದೆ ಎಂದಷ್ಟೇ ಬ್ಯಾಂಡ್ ಹೇಳುತ್ತದೆ. ಏಕೆ ಮಾಡುತ್ತಿದೆ ಎಂದು ಹೇಳುವುದಿಲ್ಲ. ಮಿದುಳಿಗೆ ತಗುಲಿದ ಸಿಫಿಲಿಸ್, ಎಚ್‌ಐವಿ, ಮಿದುಳಿನ ಇತರ ಸೋಂಕುಗಳು, ಸಾರ್ಕಾಯ್ಡೋಸಿಸ್, ಲೂಪಸ್ ಮುಂತಾದವುಗಳಲ್ಲೂ ಬ್ಯಾಂಡ್ ಕಾಣಬಹುದು.

ಎಸ್‌ಎಸ್‌ಪಿಇ ಎಂಬ ಕಾಯಿಲೆ ಇದಕ್ಕೆ ಒಳ್ಳೆಯ ಉದಾಹರಣೆ. ದಡಾರ ಬಂದು ಹೋದ ಹಲವು ವರ್ಷಗಳ ಮೇಲೆ ಕೆಲವು ಮಕ್ಕಳಲ್ಲಿ ಮಿದುಳನ್ನು ಹಾಳುಮಾಡುವ ಕಾಯಿಲೆ ಇದು. ಇದರಲ್ಲೂ ಬ್ಯಾಂಡ್‌ಗಳು ಸ್ಪಷ್ಟವಾಗಿ ಕಾಣುತ್ತವೆ. ಅಲ್ಲಿನ ಪ್ರತಿಕಾಯಗಳ ಗುರಿ ದಡಾರದ ವೈರಸ್. ಆದ್ದರಿಂದ ಬ್ಯಾಂಡ್ ಫಲಿತಾಂಶವನ್ನು ಲಕ್ಷಣ, ಎಂಆರ್‌ಐ ಮತ್ತು ರಕ್ತಪರೀಕ್ಷೆಗಳ ಜೊತೆಗಿಟ್ಟೇ ಓದಬೇಕು.

ನೆಗೆಟಿವ್ ಬಂದರೆ ನಿಶ್ಚಿಂತೆಯೇ?

ಅದೂ ಅಲ್ಲ. 2013ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಎಂಎಸ್ ಇರುವವರಲ್ಲಿ ಸುಮಾರು 88% ಮಂದಿಗೆ ಬ್ಯಾಂಡ್ ಇತ್ತು. ಉಳಿದವರಿಗೆ ಇರಲಿಲ್ಲ. ಭೂಮಧ್ಯರೇಖೆಯಿಂದ ದೂರದ ದೇಶಗಳಲ್ಲಿ ಈ ಪ್ರಮಾಣ ಹೆಚ್ಚು. ಭಾರತ, ಜಪಾನ್ ಸೇರಿದಂತೆ ಏಷ್ಯಾದ ಹಲವು ವರದಿಗಳಲ್ಲಿ ಕಡಿಮೆ. ಲ್ಯಾಬ್ ಬಳಸುವ ವಿಧಾನದಿಂದಲೂ ಫಲಿತಾಂಶ ಬದಲಾಗುತ್ತದೆ.

ನಮ್ಮಲ್ಲಿ ಇನ್ನೊಂದು ಕಾಯಿಲೆಯನ್ನು ನೆನಪಿಡಬೇಕು: ಎನ್‌ಎಂಒ. ಇದರಲ್ಲೂ ಕಣ್ಣಿನ ನರ ಮತ್ತು ಬೆನ್ನುಹುರಿಗೇ ಪೆಟ್ಟು. ಮೇಲ್ನೋಟಕ್ಕೆ ಎಂಎಸ್ ಹಾಗೆಯೇ ಕಾಣುತ್ತದೆ. ಕೆಲವರಿಗೆ ದಿನಗಟ್ಟಲೆ ನಿಲ್ಲದ ಬಿಕ್ಕಳಿಕೆ, ವಾಂತಿಯಿಂದಲೂ ಶುರುವಾಗುತ್ತದೆ. ಇದರಲ್ಲಿ ಬ್ಯಾಂಡ್ ಕೆಲವರಲ್ಲಿ ಮಾತ್ರ ಇರುತ್ತದೆ, ಅದೂ ಮುಂದೆ ಮಾಯವಾಗಬಹುದು. ಪತ್ತೆಗೆ ದಾರಿ ಬೇರೆ: ರಕ್ತದಲ್ಲಿ ಅಕ್ವಾಪೊರಿನ್-4 ವಿರುದ್ಧದ ಪ್ರತಿಕಾಯ. 2004ರಲ್ಲಿ ಈ ಪ್ರತಿಕಾಯ ಪತ್ತೆಯಾದ ಮೇಲೆ ಎನ್‌ಎಂಒ ಬೇರೆಯೇ ಕಾಯಿಲೆ ಎಂಬುದು ಸ್ಪಷ್ಟವಾಯಿತು.

ಇದು ಹೆಸರಿನ ವ್ಯತ್ಯಾಸವಷ್ಟೇ ಅಲ್ಲ. ಎಂಎಸ್‌ಗೆ ಕೊಡುವ ಇಂಟರ್‌ಫೆರಾನ್ ಬೀಟಾ, ಫಿಂಗೋಲಿಮಾಡ್, ನಟಾಲಿಜುಮಾಬ್‌ನಂಥ ಔಷಧಗಳು ಎನ್‌ಎಂಒ ಇರುವವರಲ್ಲಿ ಕಾಯಿಲೆಯನ್ನು ಉಲ್ಬಣಗೊಳಿಸಬಹುದು. ತಪ್ಪು ಹೆಸರಿಗೆ ತಪ್ಪು ಔಷಧ ಬಿದ್ದರೆ ಕಣ್ಣೋ ಕಾಲೋ ಹೋಗುವ ಅಪಾಯವಿದೆ.

ಈ ಪ್ರತಿಕಾಯಗಳ ಗುರಿ ಯಾರು?

ಎಂಎಸ್‌ನ ಬ್ಯಾಂಡ್‌ಗಳಿಗೆ ಎಲ್ಲ ರೋಗಿಗಳಿಗೂ ಅನ್ವಯಿಸುವ ಒಂದೇ ಗುರಿ ಸಿಕ್ಕಿಲ್ಲ. ಆದರೆ ಈಚೆಗೆ ಮಹತ್ವದ ಸುಳಿವುಗಳು ಸಿಕ್ಕಿವೆ. ಅಮೆರಿಕದ ಒಂದು ಕೋಟಿಗೂ ಹೆಚ್ಚು ಸೈನಿಕ ಸಿಬ್ಬಂದಿಯ ಮಾಹಿತಿ ಆಧರಿಸಿ 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಪ್‌ಸ್ಟೈನ್-ಬಾರ್ ವೈರಸ್ ಸೋಂಕಾದ ಮೇಲೆ ಎಂಎಸ್ ಬರುವ ಸಾಧ್ಯತೆ 32 ಪಟ್ಟು ಏರಿದ್ದು ಕಂಡುಬಂತು. ಅದೇ ವರ್ಷ ಇನ್ನೊಂದು ತಂಡ, ಎಂಎಸ್ ರೋಗಿಗಳ ಬೆನ್ನಿನ ನೀರಿನಿಂದಲೇ ತೆಗೆದ ಕಣಗಳನ್ನು ಪರಿಶೀಲಿಸಿ, ಈ ವೈರಸ್‌ನ ಒಂದು ಪ್ರೋಟೀನಿಗೂ ಮಿದುಳಿನ ಗ್ಲಯಲ್‌ಕ್ಯಾಮ್ ಎಂಬ ಪ್ರೋಟೀನಿಗೂ ಒಟ್ಟಿಗೇ ಅಂಟಿಕೊಳ್ಳುವ ಪ್ರತಿಕಾಯವನ್ನು ತೋರಿಸಿಕೊಟ್ಟಿತು. ಕಳ್ಳನನ್ನು ಹಿಡಿಯಹೋಗಿ ಅವನನ್ನೇ ಹೋಲುವ ಮನೆಯವನನ್ನು ಹಿಡಿದಂತೆ.

ಹಾಗೆಂದು ಈ ವೈರಸ್ ಕಂಡು ಹೆದರಬೇಕಿಲ್ಲ. ಜಗತ್ತಿನ 90%ಗೂ ಹೆಚ್ಚು ವಯಸ್ಕರಿಗೆ ಇದು ಯಾವಾಗಲೋ ತಗುಲಿರುತ್ತದೆ. ಅವರಲ್ಲಿ ಎಂಎಸ್ ಬರುವುದು ತೀರಾ ಕೆಲವರಿಗೆ.

ಫಾರ್ವರ್ಡ್ ಮಾತುಗಳು ಮತ್ತು ವಾಸ್ತವ

‘ಬೆನ್ನಿನ ನೀರು ತೆಗೆದರೆ ಸೊಂಟ ಬೀಳುತ್ತದೆ.’ ತಪ್ಪು. ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಒಂದನೆಯ ಅಥವಾ ಎರಡನೆಯ ಮೂಳೆಯ ಹತ್ತಿರವೇ ಮುಗಿಯುತ್ತದೆ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ, ಮೂರು-ನಾಲ್ಕನೆಯ ಅಥವಾ ನಾಲ್ಕು-ಐದನೆಯ ಮೂಳೆಗಳ ನಡುವೆ. ಸಿಸೇರಿಯನ್ ಮಾಡುವಾಗ ಬೆನ್ನಿಗೆ ಕೊಡುವ ಅರಿವಳಿಕೆ ಇಂಜೆಕ್ಷನ್ ಕೂಡ ಇದೇ ದ್ರವವಿರುವ ಜಾಗಕ್ಕೇ ಹೋಗುತ್ತದೆ. 1891ರಲ್ಲಿ ಜರ್ಮನಿಯ ವೈದ್ಯ ಹೈನ್‌ರಿಚ್ ಕ್ವಿಂಕೆ ಬಳಕೆಗೆ ತಂದ ವಿಧಾನ ಇದು. ತೆಗೆಯುವುದು ಎರಡು ಚಮಚದಷ್ಟು ದ್ರವ. ದೇಹ ಗಂಟೆಗೆ ಸುಮಾರು 20 ಮಿಲಿಲೀಟರ್ ತಯಾರಿಸುವುದರಿಂದ ಅದು ಬೇಗ ಭರ್ತಿಯಾಗುತ್ತದೆ.

ತೊಂದರೆಯೇ ಇಲ್ಲ ಎಂದು ನಾವು ಹೇಳುತ್ತಿಲ್ಲ. ಕೆಲವರಿಗೆ ಎದ್ದು ಕೂತರೆ ಹೆಚ್ಚಾಗುವ, ಮಲಗಿದರೆ ಕಡಿಮೆಯಾಗುವ ತಲೆನೋವು ಬರುತ್ತದೆ. ಹೆಚ್ಚಿನವರಿಗೆ ಕೆಲವು ದಿನಗಳಲ್ಲಿ ಹೋಗುತ್ತದೆ. ಚೂಪು ಅಂಚಿಲ್ಲದ ಹೊಸ ಬಗೆಯ ಸೂಜಿ ಬಳಸಿದರೆ ಇದು ಸುಮಾರು 11%ರಿಂದ 4%ಕ್ಕೆ ಇಳಿಯುತ್ತದೆ ಎಂದು 110 ಪ್ರಯೋಗಗಳನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆ ತೋರಿಸಿದೆ. ಸೋಂಕು, ರಕ್ತಸ್ರಾವ ಅಪರೂಪ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಮೊದಲೇ ಹೇಳಬೇಕು.

‘ರೋಗನಿರೋಧಕ ಶಕ್ತಿ ಕುಂದಿದ್ದರಿಂದ ಎಂಎಸ್ ಬರುತ್ತದೆ, ಅದನ್ನು ಹೆಚ್ಚಿಸಿದರೆ ಗುಣವಾಗುತ್ತದೆ.’ ಬ್ಯಾಂಡ್‌ಗಳು ಇದರ ಉಲ್ಟಾ ಕಥೆ ಹೇಳುತ್ತವೆ. ಇಲ್ಲಿ ರೋಗನಿರೋಧಕ ವ್ಯವಸ್ಥೆ ಇರಬಾರದ ಜಾಗದಲ್ಲಿ ಅತಿಯಾಗಿ ಕೆಲಸ ಮಾಡುತ್ತಿದೆ. ಎಂಎಸ್‌ನ ಔಷಧಗಳು ಅದನ್ನು ಹದ್ದುಬಸ್ತಿಗೆ ತರುತ್ತವೆ. ‘ನೈಸರ್ಗಿಕ’ ಎಂದ ಮಾತ್ರಕ್ಕೆ ಸುರಕ್ಷಿತವೂ ಅಲ್ಲ. ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ, ದೇಹ ತನ್ನ ಯಕೃತ್ತಿನ ಮೇಲೇ ದಾಳಿ ಮಾಡಿದಂಥ ಹಾನಿ ಕಂಡಿದ್ದನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದ್ದರು.

‘ಬೆನ್ನಿನ ನೀರಿನಲ್ಲಿ ದಡಾರದ ಪ್ರತಿಕಾಯ ಸಿಕ್ಕಿದೆ, ಹಾಗಾದರೆ ಲಸಿಕೆಯೇ ಕಾರಣ.’ ಎಂಎಸ್ ಇರುವ ಬಹಳಷ್ಟು ಜನರಲ್ಲಿ ದಡಾರ, ರುಬೆಲ್ಲಾ, ಸೀತಾಳೆ ಸಿಡುಬಿನ ವೈರಸ್‌ಗಳ ವಿರುದ್ಧದ ಪ್ರತಿಕಾಯಗಳು ಒಟ್ಟಿಗೇ ಸಿಗುವುದು ನಿಜ. ಆ ವೈರಸ್‌ಗಳು ಮಿದುಳಿನಲ್ಲಿವೆ ಎಂದು ಇದರ ಅರ್ಥವಲ್ಲ. ಒಳಗೆ ನೆಲೆಸಿದ ಕಣಗಳಲ್ಲಿ ಹಳೆಯ ಸೋಂಕು, ಲಸಿಕೆಗಳ ನೆನಪು ಹೊತ್ತವೂ ಇರುತ್ತವೆ, ಅವೂ ತಮ್ಮ ಪ್ರತಿಕಾಯ ಬಿಡುತ್ತವೆ. ಲಸಿಕೆಯಿಂದ ಎಂಎಸ್ ಬರುತ್ತದೆ ಎಂಬ ವಾದಕ್ಕೆ ದೊಡ್ಡ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ.

‘ಬ್ಯಾಂಡ್ ಹೋಗಿದೆಯೇ ಎಂದು ಆಗಾಗ ಪರೀಕ್ಷೆ ಮಾಡಿಸಬೇಕು.’ ಸಾಮಾನ್ಯವಾಗಿ ಬೇಕಿಲ್ಲ. ಎಂಎಸ್‌ನ ಬ್ಯಾಂಡ್‌ಗಳು ಚಿಕಿತ್ಸೆ ಚೆನ್ನಾಗಿ ನಡೆಯುತ್ತಿದ್ದರೂ ಹೆಚ್ಚಿನವರಲ್ಲಿ ಉಳಿದುಕೊಳ್ಳುತ್ತವೆ. ರಿಟುಕ್ಸಿಮಾಬ್, ಓಕ್ರೆಲಿಜುಮಾಬ್‌ನಂಥ ಔಷಧಗಳು ಬಿ ಕಣಗಳನ್ನು ಗುರಿಯಾಗಿಸುತ್ತವೆ. ಪ್ರತಿಕಾಯ ತಯಾರಿಸುವ ಪ್ಲಾಸ್ಮಾ ಕಣಗಳ ಮೇಲೆ ಆ ಔಷಧಗಳು ಹಿಡಿಯುವ ಗುರುತು ಇರುವುದಿಲ್ಲ. ಹಾಗಾಗಿ ದಾಳಿಗಳು ನಿಂತರೂ ಗೆರೆಗಳು ಇರಬಹುದು. ಚಿಕಿತ್ಸೆ ಫಲಿಸುತ್ತಿದೆಯೇ ಎಂದು ನೋಡಲು ವೈದ್ಯರು ಲಕ್ಷಣಗಳನ್ನೂ ಎಂಆರ್‌ಐಯನ್ನೂ ನೆಚ್ಚಿಕೊಳ್ಳುತ್ತಾರೆ. ಗೆರೆಗಳ ಸಂಖ್ಯೆ ಹೆಚ್ಚಿದ್ದರೆ ಕಾಯಿಲೆ ಅಷ್ಟೇ ಜೋರು ಎಂಬ ಲೆಕ್ಕವೂ ಇಲ್ಲ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಪರೀಕ್ಷೆ ಹೇಳಿದ್ದರೆ

ವೈದ್ಯರನ್ನು ಕೇಳಬಹುದಾದ ಪ್ರಶ್ನೆಗಳು:

• ಬೆನ್ನಿನ ನೀರಿನ ಜೊತೆ ರಕ್ತವನ್ನೂ ಬ್ಯಾಂಡ್ ಪರೀಕ್ಷೆಗೆ ಕಳಿಸುತ್ತೀರಾ?
• ಲ್ಯಾಬ್ ಐಸೋಎಲೆಕ್ಟ್ರಿಕ್ ಫೋಕಸಿಂಗ್ ವಿಧಾನ ಬಳಸುತ್ತದೆಯೇ?
• ಎನ್‌ಎಂಒ ಪತ್ತೆಗೆ ಅಕ್ವಾಪೊರಿನ್-4 ರಕ್ತಪರೀಕ್ಷೆ ಬೇಕೇ? ಅದೇ ರೀತಿಯ ಲಕ್ಷಣ ತರುವ ಎಂಒಜಿ ಪ್ರತಿಕಾಯದ ಪರೀಕ್ಷೆ?
• ವಿಟಮಿನ್ ಬಿ12 ಕೊರತೆ, ಕ್ಷಯದಂಥ ಬೇರೆ ಕಾರಣಗಳನ್ನು ನೋಡಿದ್ದೀರಾ?
• ಯಾವ ಬಗೆಯ ಸೂಜಿ ಬಳಸುತ್ತೀರಿ? ತಲೆನೋವು ಬಂದರೆ ಯಾರಿಗೆ ಫೋನ್ ಮಾಡಬೇಕು?

ಒಂದು ಕಣ್ಣಿನ ದೃಷ್ಟಿ ಕೆಲವೇ ದಿನಗಳಲ್ಲಿ ಮಸುಕಾಗಿ ಕಣ್ಣು ಆಡಿಸುವಾಗ ನೋವಾಗುವುದು, ಕೈಕಾಲು ಜೋಮು ಅಥವಾ ನಿಶ್ಶಕ್ತಿ ಒಂದು ದಿನ ಮೀರಿ ಉಳಿಯುವುದು, ನಡೆಯುವಾಗ ತೂರಾಡುವುದು, ಮೂತ್ರ ಕಟ್ಟಿಕೊಳ್ಳುವುದು ಇವು ನರರೋಗ ತಜ್ಞರಿಗೆ ಬೇಗ ತೋರಿಸಬೇಕಾದ ಲಕ್ಷಣಗಳು. ಕೆಲವು ವಾರಗಳಲ್ಲಿ ತಾನಾಗಿಯೇ ಕಡಿಮೆಯಾದರೂ ತೋರಿಸಲೇಬೇಕು, ಏಕೆಂದರೆ ಎಂಎಸ್‌ನ ದಾಳಿಗಳು ಬಂದು ಹೋಗುವುದೇ ಹಾಗೆ.

ಈ ಲೇಖನ ತಿಳಿವಳಿಕೆಗಾಗಿ ಮಾತ್ರ. ನಿಮ್ಮ ರಿಪೋರ್ಟ್‌ನ ಅರ್ಥವನ್ನು ನಿಮ್ಮನ್ನು ಪರೀಕ್ಷಿಸಿದ ವೈದ್ಯರಿಂದಲೇ ಕೇಳಿ ತಿಳಿದುಕೊಳ್ಳಿ. ಮೇಲಿನ ತಪ್ಪು ಮಾತುಗಳಲ್ಲಿ ಯಾವುದಾದರೂ ನಿಮ್ಮ ಗುಂಪಿಗೆ ಬಂದರೆ, ಅದರ ಕೆಳಗೆ ಈ ಲೇಖನವನ್ನು ಹಂಚಿಕೊಳ್ಳಿ.